ದೇವರಾಜ ಅರಸರ ಹೆಸರನ್ನು ಪಟ್ಟಿಗೆ ಸೇರಿಸಬೇಕು: ನಮ್ಮ ಸಂಘದ ಕಾರ್ಯಕಾರಿ ಸಮಿತಿಗೆ ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರಿಗೆ ಹಾಗೂ ಕಾರ್ಯಕಾರಿ ಸಮಿತಿಯ ಎಲ್ಲ ಸದಸ್ಯರಿಗೆ ಗೌರವಪೂರ್ವಕ ನಮಸ್ಕಾರಗಳು.

ಬರುವ ರಾಜ್ಯೋತ್ಸವದಂದು ‘ಕರ್ನಾಟಕದಲ್ಲಿ ಹುಟ್ಟಿದವರಲ್ಲಿ ಅತ್ಯಂತ ಪ್ರಭಾವಿ ವ್ಯಕ್ತಿ ಯಾರು’ ಎಂಬ ವಿಷಯದ ಮೇಲೆ ಚರ್ಚಾಕೂಟ ಏರ್ಪಡಿಸಿ, ಕೊನೆಯಲ್ಲಿ ಸದಸ್ಯರ ಮತ ಪಡೆದು, ಆರಿಸಿಬಂದವರ ಭಾವಚಿತ್ರವನ್ನು ಸಭಾಗೃಹದಲ್ಲಿ ಅನಾವರಣಗೊಳಿಸುವ ತಮ್ಮ ಸುತ್ತೋಲೆ ತಲುಪಿತು. ಮುಂಬಯಿಯ ಗಡಿಬಿಡಿಯಲ್ಲಿ ಬದುಕುವ ನಾವು ವರ್ಷಕ್ಕೊಮ್ಮೆಯಾದರೂ ಊರಿನ ಚರಿತ್ರೆಯನ್ನು ಕುರಿತು ಕೂತು ಮಾತಾಡುವಂತಾಗಲಿ ಎಂಬ ತಮ್ಮ ಆಶಯವನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಸುತ್ತೋಲೆಯಲ್ಲಿ ಐದು ಹೆಸರುಗಳಿವೆ: ಬಸವಣ್ಣ, ನಾಲ್ವಡಿ ಕೃಷ್ಣರಾಜ ಒಡೆಯರು, ಸರ್ ಎಂ. ವಿಶ್ವೇಶ್ವರಯ್ಯ, ಕುವೆಂಪು ಮತ್ತು ಡಾ. ರಾಜ್‌ಕುಮಾರ್. ಈ ಐವರಲ್ಲಿ ಯಾರೊಬ್ಬರ ಬಗೆಗೂ ನನ್ನ ಆಕ್ಷೇಪಣೆಯಿಲ್ಲ. ಆದರೆ ರಾಜ್ಯದ ಮುಖ್ಯಮಂತ್ರಿಯಾಗಿದ್ದ ಡಿ. ದೇವರಾಜ ಅರಸರ ಹೆಸರು ಈ ಪಟ್ಟಿಯಲ್ಲಿ ಇಲ್ಲದಿರುವುದು, ಅದರಲ್ಲೂ ಕರಾವಳಿಯವರೇ ಹೆಚ್ಚಾಗಿರುವ ಮುಂಬಯಿಯ ಒಂದು ಸಂಘದ ಪಟ್ಟಿಯಲ್ಲಿ ಇಲ್ಲದಿರುವುದು, ನನಗೆ ಬಹಳ ನೋವುಂಟುಮಾಡಿದೆ. ಅವರ ಹೆಸರನ್ನು ಆರನೆಯದಾಗಿ ಸೇರಿಸಬೇಕೆಂದೂ ಚರ್ಚೆಯ ಕ್ರಮದಲ್ಲಿ ಒಂದೆರಡು ಬದಲಾವಣೆ ಮಾಡಬೇಕೆಂದೂ ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಇದು ಎಲ್ಲ ಸದಸ್ಯರಿಗೂ ಸಂಬಂಧಪಟ್ಟ ವಿಷಯವಾದ್ದರಿಂದ ಪತ್ರವನ್ನು ಬಹಿರಂಗವಾಗಿಯೇ ಇಡುತ್ತಿದ್ದೇನೆ.

ಮೊದಲಿಗೆ ಅಳತೆಗೋಲಿನ ಪ್ರಶ್ನೆ. ನಾವು ಯಾರನ್ನು ಹೆಚ್ಚು ಪ್ರೀತಿಸುತ್ತೇವೆ ಎಂಬುದು ಒಂದು ಪ್ರಶ್ನೆ; ಯಾರಿಂದಾಗಿ ನಮ್ಮ ಬದುಕು ಬೇರೆಯಾಯಿತು ಎಂಬುದು ಇನ್ನೊಂದು. ಸಭೆಯಲ್ಲಿ ಕೈಯೆತ್ತಿಸಿದರೆ ಮೊದಲನೆಯದಕ್ಕೆ ಉತ್ತರ ಸಿಗುತ್ತದೆ, ಎರಡನೆಯದಕ್ಕೆ ಸಿಗುವುದಿಲ್ಲ. ಪ್ರೀತಿಯ ಲೆಕ್ಕವಾದರೆ ಡಾ. ರಾಜ್‌ಕುಮಾರ್ ಗೆಲ್ಲುತ್ತಾರೆ, ಅದಕ್ಕೆ ಚರ್ಚಾಕೂಟವೇ ಬೇಕಿಲ್ಲ. (ಅವರು ಹುಟ್ಟಿದ ಗಾಜನೂರು ಇಂದು ತಮಿಳುನಾಡಿನಲ್ಲಿದೆ ಎಂದು ಯಾರಾದರೂ ತಕರಾರು ತೆಗೆದರೆ ಅದನ್ನು ಸಮಿತಿ ಪುರಸ್ಕರಿಸಬಾರದು, 1956ರಲ್ಲಿ ಎಳೆದ ಗೆರೆ ಅದಕ್ಕೂ ಮೊದಲು ಹುಟ್ಟಿದವರ ಕನ್ನಡತನವನ್ನು ಅಳೆಯಲಾರದು.) ನಾನು ಕೇಳುತ್ತಿರುವುದು ಎರಡನೆಯ ಪ್ರಶ್ನೆಯನ್ನು. ಒಬ್ಬ ವ್ಯಕ್ತಿಯ ಹೆಸರನ್ನೇ ಕೇಳದವರ ಮನೆಯಲ್ಲೂ ಆತನ ನಿರ್ಧಾರದಿಂದ ಅನ್ನದ, ಓದಿನ, ಮರ್ಯಾದೆಯ ಸ್ಥಿತಿ ಬದಲಾಗಿದ್ದರೆ ಅದನ್ನು ನಾನು ಪ್ರಭಾವ ಎನ್ನುತ್ತೇನೆ.

ಈ ದೃಷ್ಟಿಯಿಂದ ನೋಡಿದರೆ ಬಸವಣ್ಣನವರನ್ನು ಇಪ್ಪತ್ತನೆಯ ಶತಮಾನದವರ ಜೊತೆ ಒಂದೇ ಮತಪತ್ರದಲ್ಲಿ ಇಡುವುದು ಸರಿಯಲ್ಲವೆಂದು ನನಗನಿಸುತ್ತದೆ. ಎಂಟುನೂರು ವರ್ಷಗಳ ಪ್ರಭಾವದೆದುರು ಐವತ್ತು ವರ್ಷಗಳ ಪ್ರಭಾವವನ್ನು ತೂಗುವ ತಕ್ಕಡಿ ನಮ್ಮಲ್ಲಿಲ್ಲ. ಅವರ ಭಾವಚಿತ್ರವನ್ನು ಮತದಾನವಿಲ್ಲದೆಯೇ ಗೌರವದಿಂದ ಹಾಕೋಣ. ಹಾಗೆ ಹಾಕುವಾಗ ಫ. ಗು. ಹಳಕಟ್ಟಿಯವರನ್ನೂ ನೆನೆಯಬೇಕು. ಧಾರವಾಡದಲ್ಲಿ ಹುಟ್ಟಿ, ನಮ್ಮ ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಓದಿ, ವಿಜಾಪುರದಲ್ಲಿ ವಕೀಲರಾಗಿ ನೆಲೆಸಿ, ಮಠಮನೆಗಳ ತಾಳೆಗರಿಗಳಲ್ಲಿ ಉಳಿದಿದ್ದ ವಚನಗಳನ್ನು ಕಲೆಹಾಕಿ 1923ರಲ್ಲಿ ಅಚ್ಚಿಗೆ ತಂದವರು ಅವರು. ಇಂದು ನಮ್ಮ ಮಕ್ಕಳು ಬಾಯಿಪಾಠ ಮಾಡುವ ವಚನಗಳು ಅವರ ಕೈದಾಟಿ ಬಂದವು.

ನಾಲ್ವಡಿಯವರ ಮತ್ತು ವಿಶ್ವೇಶ್ವರಯ್ಯನವರ ಸಾಧನೆಯನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ದುಡಿದು, 1903ರಲ್ಲಿ ಖಡಕವಾಸಲಾ ಅಣೆಕಟ್ಟಿಗೆ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದ ವಿಶ್ವೇಶ್ವರಯ್ಯನವರ ಬಗ್ಗೆ ಮಹಾರಾಷ್ಟ್ರದ ಕನ್ನಡಿಗರಿಗೆ ವಿಶೇಷ ಅಭಿಮಾನವಿರುವುದು ಸಹಜವೇ. ಅವರು 1912ರಿಂದ 1918ರವರೆಗೆ ದಿವಾನರಾಗಿದ್ದ ಆರು ವರ್ಷಗಳಲ್ಲಿ ಮೈಸೂರು ಬ್ಯಾಂಕ್, ಮೈಸೂರು ವಿಶ್ವವಿದ್ಯಾನಿಲಯ, ಕನ್ನಡ ಸಾಹಿತ್ಯ ಪರಿಷತ್ತು ಒಂದರ ಹಿಂದೊಂದು ಹುಟ್ಟಿದವು. ಆದರೆ ಇವೆಲ್ಲ ಆದದ್ದು ಹಳೆಯ ಮೈಸೂರು ಸಂಸ್ಥಾನದ ಎಲ್ಲೆಯೊಳಗೆ. ಆಗ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು, ಕಲಬುರಗಿ, ರಾಯಚೂರು, ಬೀದರ ನಿಜಾಮರ ಆಳ್ವಿಕೆಯಲ್ಲಿದ್ದವು, ಮಂಗಳೂರು, ಉಡುಪಿ, ಬಳ್ಳಾರಿ ಮದ್ರಾಸಿಗೆ ಸೇರಿದ್ದವು, ಕೊಡಗು ಪ್ರತ್ಯೇಕವಿತ್ತು. ಕನ್ನಂಬಾಡಿಯ ನೀರು ಮಂಡ್ಯದ ಗದ್ದೆಗೆ ಹರಿಯುತ್ತಿದ್ದ ಕಾಲದಲ್ಲಿ ಕರಾವಳಿಯ ಹುಡುಗರು ಹಡಗು ಹತ್ತಿ ಮುಂಬಯಿಗೆ ಬರುತ್ತಿದ್ದರು. ಏಕೀಕರಣಗೊಂಡ ಇಡೀ ಕರ್ನಾಟಕದ ಮೂಲೆಮೂಲೆಯ ಮನೆಯೊಳಗಿನ ಬದುಕನ್ನು ಒಂದೇ ಕಾನೂನಿನಿಂದ ಅಲುಗಾಡಿಸಿದ ಮೊದಲ ಕನ್ನಡಿಗ ದೇವರಾಜ ಅರಸರು. ನನ್ನ ವಾದದ ತಿರುಳು ಇಷ್ಟೇ.

1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕಾಯ್ದೆ ಏನು ಮಾಡಿತೆಂಬುದನ್ನು ಕಿರಿಯ ಸದಸ್ಯರಿಗಾಗಿ ಸ್ವಲ್ಪ ವಿವರವಾಗಿ ಹೇಳಬೇಕು. ಅದಕ್ಕೂ ಮುನ್ನ 1961ರ ಕಾಯ್ದೆಯೊಂದಿತ್ತು. ಅದು ಜಾರಿಗೆ ಬಂದದ್ದೇ 1965ರ ಅಕ್ಟೋಬರ್‌ನಲ್ಲಿ, ಮತ್ತು ‘ನಾನೇ ಸಾಗುವಳಿ ಮಾಡುತ್ತೇನೆ’ ಎಂದು ಹೇಳಿ ಗೇಣಿದಾರನಿಂದ ಭೂಮಿ ಬಿಡಿಸಿಕೊಳ್ಳಲು ಭೂಮಾಲೀಕನಿಗೆ ಅದರಲ್ಲಿ ದಾರಿಯಿತ್ತು. 1974ರ ತಿದ್ದುಪಡಿ ಆ ದಾರಿಯನ್ನು ಮುಚ್ಚಿತು. ಮಾರ್ಚ್ 1ರಂದು ಗೇಣಿಯಲ್ಲಿದ್ದ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವನು ಫಾರ್ಮ್ 7ರಲ್ಲಿ ಅರ್ಜಿ ಕೊಟ್ಟು ತಾನು ಗೇಣಿದಾರನೆಂದು ತೋರಿಸಿಕೊಟ್ಟರೆ ಭೂಮಿ ಅವನ ಹೆಸರಿಗೆ ಆಯಿತು. ಈ ಅರ್ಜಿಯನ್ನೇ ನಮ್ಮ ಕಡೆ ‘ಡಿಕ್ಲರೇಶನ್’ ಎನ್ನುತ್ತಿದ್ದರು. ಅರ್ಜಿಯ ಗಡುವನ್ನು ಮತ್ತೆ ಮತ್ತೆ ವಿಸ್ತರಿಸಿ, ಕೊನೆಗೆ 1979ರ ಜೂನ್ 30ರವರೆಗೆ ಕೊಡಲಾಯಿತು. ತೀರ್ಮಾನಿಸಲು ತಾಲ್ಲೂಕುಗಳಲ್ಲಿ ಭೂನ್ಯಾಯ ಮಂಡಳಿಗಳು ರಚನೆಯಾದವು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು. ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿರಲೇಬೇಕು. ಮಂಡಳಿಯ ಮುಂದೆ ವಕೀಲರು ವಾದಿಸುವಂತಿರಲಿಲ್ಲ. ಈ ಕೊನೆಯ ನಿಯಮವನ್ನು 1987ರಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಆದರೆ ಅಷ್ಟರೊಳಗೆ ಬಡ ಒಕ್ಕಲು ವಕೀಲರ ಫೀಸಿಗೆ ಸಾಲ ಮಾಡದೆ ತನ್ನ ಅಹವಾಲನ್ನು ತಾನೇ ಹೇಳಿಕೊಳ್ಳುವಂಥ ಹಲವು ವರ್ಷಗಳು ದೊರೆತಿದ್ದವು.

ನಮ್ಮ ಮನೆಯ ವಿಷಯವನ್ನು ಇಲ್ಲಿ ಹೇಳುವುದು ತಪ್ಪಲ್ಲವೆಂದು ಭಾವಿಸುತ್ತೇನೆ. ಉಡುಪಿ ಕಡೆಯ ನಮ್ಮ ಕುಟುಂಬ ತಲೆಮಾರುಗಳಿಂದ ಚಾಲಗೇಣಿಯ, ಅಂದರೆ ಧಣಿ ಬೇಕೆಂದಾಗ ಬಿಡಿಸಬಹುದಾದ ಗೇಣಿಯ, ಒಕ್ಕಲು. ಬೆಳೆದ ಭತ್ತದಲ್ಲಿ ಗೇಣಿಯ ಪಾಲನ್ನು ಅಕ್ಕಿ ಮಾಡಿ, ಬೈಹುಲ್ಲಿನ ಹಗ್ಗದಲ್ಲಿ ಮುಡಿ ಕಟ್ಟಿ, ಹೊತ್ತುಕೊಂಡು ಹೋಗಿ ಧಣಿಗಳ ಚಾವಡಿಯಲ್ಲಿ ಇಳಿಸಬೇಕಿತ್ತು. ಅದರ ಮೇಲೆ ಬುಳೆಕಾಣಿಕೆಯೆಂದು ಬಾಳೆಗೊನೆ, ಸೌತೆ, ಕುಂಬಳ. ಮಳೆ ಕೈಕೊಟ್ಟ ವರ್ಷ ಗೇಣಿ ಬಾಕಿಯಾದರೆ ಒಕ್ಕಲೆಬ್ಬಿಸುವ ಭಯ. ನನ್ನ ಸೋದರಮಾವ ಮುಂಬಯಿಯ ಕೋಟೆ (ಫೋರ್ಟ್) ಪ್ರದೇಶದ ಹೋಟೆಲೊಂದರಲ್ಲಿ ಹಗಲು ದುಡಿದು, ರಾತ್ರಿ ಶಾಲೆಯಲ್ಲಿ ಓದುತ್ತ, ಊರಿಗೆ ಕಳಿಸುತ್ತಿದ್ದ ಮನಿಯಾರ್ಡರಿನ ದೊಡ್ಡ ಪಾಲು ಈ ಬಾಕಿಗೇ ಹೋಗುತ್ತಿತ್ತು. ಡಿಕ್ಲರೇಶನ್ ಕೊಡಬೇಕೋ ಬೇಡವೋ ಎಂದು ಅಜ್ಜಿ ಇನ್‌ಲ್ಯಾಂಡ್ ಪತ್ರದಲ್ಲಿ ಬರೆಸಿ ಕೇಳಿದಾಗ ಮಾವನಿಗೂ ಧೈರ್ಯ ಸಾಲಲಿಲ್ಲ. ಧಣಿಗಳ ಮನೆಯವರು ಕೆಟ್ಟವರಾಗಿರಲಿಲ್ಲ. ಹೆರಿಗೆ, ಸಾವು ಎಂದಾಗ ಕೈಬಿಟ್ಟವರಲ್ಲ. ಅವರ ಎದುರು ಅರ್ಜಿ ಹಾಕುವುದೆಂದರೆ ಉಪ್ಪಿನ ಋಣಕ್ಕೆ ದ್ರೋಹ ಬಗೆದಂತೆ ಎಂದು ಮನೆಯಲ್ಲೇ ಎರಡು ಪಕ್ಷವಾಯಿತು. ಕೊನೆಗೆ ಅರ್ಜಿ ಹಾಕಿದ್ದು ಅಜ್ಜಿ, ಹೆಬ್ಬೆಟ್ಟು ಒತ್ತಿ.

ಮಂಡಳಿಯ ವಿಚಾರಣೆಯ ದಿನ ತಾಲ್ಲೂಕು ಕಚೇರಿಯಲ್ಲಿ ಆಕೆಯನ್ನು ಕೇಳಿದ ಪ್ರಶ್ನೆಗಳನ್ನು ಆಕೆ ಸಾಯುವವರೆಗೂ ಹೇಳುತ್ತಿದ್ದಳು. ಬೈಲಿನ (ತಗ್ಗಿನ) ಗದ್ದೆ ಎಷ್ಟು, ಮಜಲು (ನಡುಮಟ್ಟದ್ದು) ಎಷ್ಟು, ಬೆಟ್ಟು (ಎತ್ತರದ್ದು) ಎಷ್ಟು. ಯಾವುದರಲ್ಲಿ ಏಣಿಲು (ಮಳೆಗಾಲದ ಬೆಳೆ) ಮಾತ್ರ, ಯಾವುದರಲ್ಲಿ ಸುಗ್ಗಿಯೂ (ಎರಡನೆಯ ಬೆಳೆಯೂ) ಆಗುತ್ತದೆ, ಕೊಳಕೆಗೆ (ಬೇಸಿಗೆಯ ಮೂರನೆಯ ಬೆಳೆಗೆ) ನೀರು ಎಲ್ಲಿಂದ. ಮೂಡಣದ ಗದ್ದೆ ಯಾರದು, ಪಡುವಣದ ಕಟ್ಟಪುಣಿಯನ್ನು (ಗದ್ದೆಯ ಬದುವನ್ನು) ಯಾರು ಕಟ್ಟಿಸಿದರು. ಅಕ್ಷರ ಬಾರದ ಅಜ್ಜಿ ತುಳುವಿನಲ್ಲಿ ಒಂದೊಂದಕ್ಕೂ ತಡವರಿಸದೆ ಉತ್ತರ ಕೊಟ್ಟಳು. ಅದೇ ಮೇಜಿನ ಮುಂದೆ ಧಣಿಗಳೂ ನಿಂತಿದ್ದರು. ಅವರಿಗೆ ಗದ್ದೆಯ ಸರ್ವೆ ನಂಬರು ಗೊತ್ತಿತ್ತು, ಗದ್ದೆ ಗೊತ್ತಿರಲಿಲ್ಲ. ಮುಂದೆ ಫಾರ್ಮ್ 10ರ ಹಕ್ಕುಪತ್ರ ಬಂತು. ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಅಜ್ಜಿಯ ಹೆಸರು ಬಂತು. ಆ ವರ್ಷದಿಂದ ಮುಡಿ ಮನೆಯಲ್ಲೇ ಉಳಿಯಿತು. ಮಾವನ ಮನಿಯಾರ್ಡರಿನಲ್ಲಿ ನನ್ನ ತಂಗಿಯಂದಿರು ಹೈಸ್ಕೂಲು ದಾಟಿದರು. ಸ್ವಂತ ಆರ್‌ಟಿಸಿ ಇದೆಯೆಂದು ಬ್ಯಾಂಕು ಪಂಪ್‌ಸೆಟ್ಟಿಗೆ ಸಾಲ ಕೊಟ್ಟಿತು. ನಮ್ಮ ಜಿಲ್ಲೆ ಬ್ಯಾಂಕುಗಳ ತವರೆಂದು ನಾವು ಹೆಮ್ಮೆಪಡುತ್ತೇವೆ. ಕೆನರಾ ಮತ್ತು ಕಾರ್ಪೊರೇಶನ್ ಬ್ಯಾಂಕುಗಳು 1906ರಲ್ಲೇ ಹುಟ್ಟಿದವು. ಆದರೆ ಗೇಣಿ ಒಕ್ಕಲು ಆ ಬ್ಯಾಂಕುಗಳ ಮೆಟ್ಟಿಲು ಹತ್ತಿ ತನ್ನ ಭೂಮಿಯ ಆಧಾರದ ಮೇಲೆ ಸಾಲ ಕೇಳುವಂತಾದದ್ದು 1974ರ ನಂತರ.

ಸಂಘದ ಸದಸ್ಯರಲ್ಲಿ ನಮ್ಮಂತಹ ಮನೆಗಳಿಂದ ಬಂದವರು ಎಷ್ಟು ಜನರಿದ್ದಾರೆಂದು ತಾವೇ ವಿಚಾರಿಸಿ ನೋಡಬೇಕು. ಹಾಗೆಯೇ ಆ ಕಾನೂನಿನಿಂದ ಭೂಮಿ ಕಳೆದುಕೊಂಡವರ ಮಕ್ಕಳೂ ನಮ್ಮ ನಡುವೆಯೇ ಇದ್ದಾರೆ. ಗೇಣಿಯ ಅಕ್ಕಿಯನ್ನೇ ನಂಬಿದ್ದ ವಿಧವೆಯರು, ನಾಲ್ಕೈದು ಎಕರೆಯ ಸಣ್ಣ ಭೂಮಾಲೀಕರು, ಪೂಜೆಯ ಉಂಬಳಿಯ ಮೇಲೆ ಬದುಕಿದ್ದ ಅರ್ಚಕರು ಇದರಿಂದ ಬಹಳ ಕಷ್ಟಕ್ಕೆ ಸಿಲುಕಿದರು. ಅವರ ಹುಡುಗರೂ ಊರು ಬಿಟ್ಟು ಇದೇ ಮುಂಬಯಿಗೆ ಬಂದು ಇದೇ ಹೋಟೆಲುಗಳಲ್ಲಿ, ಕಚೇರಿಗಳಲ್ಲಿ ಕೆಲಸ ಹುಡುಕಿದರು. ಆ ನೋವು ನಿಜವಾದದ್ದು, ಅದನ್ನು ಹಗುರವಾಗಿ ಕಾಣುವವನು ನಾನಲ್ಲ. ಗೇಣಿದಾರನೂ ಅಲ್ಲದೆ ಬರೀ ಕೂಲಿಯಾಗಿದ್ದ ದಲಿತ ಕುಟುಂಬಗಳಿಗೆ ಈ ಕಾಯ್ದೆಯಿಂದ ಗದ್ದೆ ಸಿಗಲಿಲ್ಲ ಎಂಬ ಟೀಕೆಯೂ ಸರಿಯಾದದ್ದೇ, ಮತ್ತು ನನ್ನ ಮಟ್ಟಿಗೆ ಅದು ಅರಸರ ಆಡಳಿತದ ಮೇಲಿನ ಅತಿ ಭಾರವಾದ ಟೀಕೆ. ಭಾವಚಿತ್ರ ಅನಾವರಣದ ಸಭೆಯಲ್ಲೂ ಇದನ್ನು ಮುಚ್ಚಿಡಬಾರದು.

‘ಅರಸರಿಲ್ಲದಿದ್ದರೂ ಇದು ಆಗುತ್ತಿತ್ತು, ಕಾಲವೇ ಹಾಗಿತ್ತು’ ಎಂದು ವಾದಿಸುವವರಿದ್ದಾರೆ. ಅವರಿಗೆ ಮುಂಬಯಿಯಲ್ಲಿದ್ದುಕೊಂಡೇ ಉತ್ತರ ಕೊಡಬಹುದು. ಮುಂಬಯಿ ಪ್ರಾಂತ್ಯದ 1948ರ ಗೇಣಿ ಕಾಯ್ದೆಗೆ ಆದ ತಿದ್ದುಪಡಿಯಂತೆ 1957ರ ಏಪ್ರಿಲ್ 1ನ್ನು ಕೃಷಿಕರ ದಿನವೆಂದು ಗೊತ್ತುಪಡಿಸಿ, ಅಂದಿನಿಂದ ಗೇಣಿದಾರರನ್ನು ಭೂಮಿಯ ಒಡೆಯರೆಂದು ಪರಿಗಣಿಸಲಾಯಿತು. ಅದಕ್ಕೆ ಐದೇ ತಿಂಗಳ ಹಿಂದೆ, 1956ರ ನವೆಂಬರ್ 1ರಂದು, ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದ್ದವು. ಅತ್ತ ದಕ್ಷಿಣ ಕನ್ನಡದಿಂದ ಕೇರಳಕ್ಕೆ ಹೋದ ಕಾಸರಗೋಡಿನಲ್ಲಿ 1970ರ ಜನವರಿಯಿಂದ ಗೇಣಿ ಪದ್ಧತಿ ಕೊನೆಗೊಂಡಿತು. ಅಂದರೆ ಉತ್ತರದ ಗಡಿಯಾಚೆಗೂ ದಕ್ಷಿಣದ ಗಡಿಯಾಚೆಗೂ ಉಳುವವನಿಗೆ ಭೂಮಿ ಸಿಕ್ಕಿದ ಮೇಲೂ ನಡುವಿನ ಕನ್ನಡ ನಾಡಿನ ಒಕ್ಕಲು ಕಾಯುತ್ತಲೇ ಇದ್ದ. ಏಕೀಕರಣದ ನಂತರ ಹದಿನೈದು ವರ್ಷಗಳಲ್ಲಿ ನಾಲ್ವರು ಮುಖ್ಯಮಂತ್ರಿಗಳು ಬಂದುಹೋದರು. ಕಾಲ ಎಲ್ಲರಿಗೂ ಒಂದೇ ಆಗಿತ್ತು, ಕೈಹಾಕಿದವರು ಅರಸರು.

ಅವರೊಬ್ಬರೇ ಮಾಡಿದರೆಂದು ನಾನು ಹೇಳುತ್ತಿಲ್ಲ. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದಾಗ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಶಾಂತವೇರಿ ಗೋಪಾಲಗೌಡರು ಆ ಹೋರಾಟದ ದನಿಯಾದರು. ನಮ್ಮ ಮುಂಬಯಿಯಲ್ಲಿ ಭಾರತ ಸೇವಕ ಸಮಾಜದ (ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯ) ಕಾರ್ಯಕರ್ತರಾಗಿ ಹಡಗು ಕಾರ್ಮಿಕರನ್ನು ಸಂಘಟಿಸಿದ ದಿನಕರ ದೇಸಾಯಿಯವರು ಉತ್ತರ ಕನ್ನಡದ ಗೇಣಿ ರೈತರನ್ನು ಕಟ್ಟಿ ನಿಲ್ಲಿಸಿ, ಅದಕ್ಕಾಗಿ ಜಿಲ್ಲೆಯಿಂದಲೇ ಗಡೀಪಾರಾದವರು. ಚುಟುಕಗಳ ಕವಿಯೆಂದು ಮಾತ್ರ ಅವರನ್ನು ನೆನೆಯುವುದು ನಮ್ಮ ಸಂಘಗಳ ರೂಢಿ. ಈ ಚರ್ಚೆಯಲ್ಲಾದರೂ ಅವರ ಇನ್ನೊಂದು ಮುಖಕ್ಕೆ ಕೆಲವು ನಿಮಿಷ ಸಿಗಲಿ. ಅರಸರ ಸಂಪುಟದಲ್ಲಿ ಭೂಸುಧಾರಣೆಯ ಹೊಣೆ ಹೊತ್ತವರು ದಕ್ಷಿಣ ಕನ್ನಡದವರೇ ಆದ ಬಿ. ಸುಬ್ಬಯ್ಯ ಶೆಟ್ಟಿಯವರು. ಇಷ್ಟೆಲ್ಲ ಜನರ ಶ್ರಮವನ್ನು ಕಾನೂನಾಗಿಸಿ, ಊರೂರಿನ ತಾಲ್ಲೂಕು ಕಚೇರಿಯವರೆಗೆ ಇಳಿಸುವ ಅಧಿಕಾರ ಮತ್ತು ಹಟ ಎರಡೂ ಒಬ್ಬನಲ್ಲಿ ಕೂಡಿಬರಬೇಕಿತ್ತು.

ಭೂಮಿಯಷ್ಟೇ ಮುಖ್ಯವಾದ ಇನ್ನೊಂದು ಕೆಲಸವಿದೆ. ಹಿಂದುಳಿದ ವರ್ಗಗಳಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಸಿಗಬೇಕೆಂಬ ವಿಚಾರವನ್ನು 1918ರಲ್ಲೇ ಮಿಲ್ಲರ್ ಸಮಿತಿಯ ಮೂಲಕ ಎತ್ತಿಕೊಂಡವರು ನಾಲ್ವಡಿ ಕೃಷ್ಣರಾಜ ಒಡೆಯರು, ಮತ್ತು ಅದೇ ವಿಚಾರದಲ್ಲಿ ಭಿನ್ನಾಭಿಪ್ರಾಯ ಬಂದು ದಿವಾನಗಿರಿ ಬಿಟ್ಟವರು ವಿಶ್ವೇಶ್ವರಯ್ಯನವರು. ತಮ್ಮ ಪಟ್ಟಿಯ ಈ ಇಬ್ಬರು ಮಹನೀಯರು ಎದುರುಬದುರಾದ ಪ್ರಶ್ನೆ ಅದು. ಏಕೀಕರಣದ ನಂತರ ಮೈಸೂರು ಸರ್ಕಾರ ಹೊರಡಿಸಿದ ಮೀಸಲಾತಿ ಆದೇಶವನ್ನು 1962ರಲ್ಲಿ ಸುಪ್ರೀಂ ಕೋರ್ಟ್ ರದ್ದುಗೊಳಿಸಿತು. ಅರಸರು ಅಧಿಕಾರಕ್ಕೆ ಬಂದ 1972ರಲ್ಲೇ ಎಲ್. ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಆಯೋಗ ನೇಮಿಸಿದರು. 1975ರಲ್ಲಿ ವರದಿ ಬಂತು. ಅದರ ಆಧಾರದ ಮೇಲೆ ಮೀಸಲಾತಿ ಜಾರಿಯಾಯಿತು. ಊರೂರು ಸುತ್ತಿ, ಯಾವ ಜಾತಿಯ ಎಷ್ಟು ಮಕ್ಕಳು ಎಸ್ಸೆಸ್ಸೆಲ್ಸಿ ಮುಟ್ಟಿದ್ದಾರೆಂದು ಲೆಕ್ಕ ತೆಗೆದ ವರದಿ ಅದು. ಅಲ್ಲಿಯವರೆಗೆ ವಿಧಾನಸೌಧದ ಒಳಗೆ ಹೆಸರೇ ಕೇಳಿಬರದಿದ್ದ ಸಮುದಾಯಗಳ ಯುವಕರಿಗೆ 1972ರ ಚುನಾವಣೆಯಲ್ಲಿ ಟಿಕೆಟ್ ಸಿಕ್ಕಿತು; ಕಾರ್ಕಳದಿಂದ ವೀರಪ್ಪ ಮೊಯಿಲಿಯವರೂ ಗುರುಮಠಕಲ್‌ನಿಂದ ಮಲ್ಲಿಕಾರ್ಜುನ ಖರ್ಗೆಯವರೂ ಮೊದಲ ಬಾರಿಗೆ ಶಾಸಕರಾದದ್ದು ಆಗ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ಅರಸರ ಸ್ವಂತ ಸಮುದಾಯ ಎಷ್ಟು ಚಿಕ್ಕದೆಂದರೆ, ಅದರ ಮತಗಳಿಂದ ಒಂದು ಕ್ಷೇತ್ರ ಗೆಲ್ಲುವುದೂ ಸಾಧ್ಯವಿರಲಿಲ್ಲ.

ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು, ಅವರ ಕಾಲದಲ್ಲೇ. 1890ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘ ತನ್ನ ಹೆಸರಿನಲ್ಲಿ ಧರಿಸಿದ್ದ ಪದವನ್ನು ಸರ್ಕಾರ ಒಪ್ಪಿಕೊಳ್ಳಲು ಎಂಬತ್ತಮೂರು ವರ್ಷ ಹಿಡಿಯಿತು. ನಾವು ಆಚರಿಸುವ ರಾಜ್ಯೋತ್ಸವದಲ್ಲಿ ಈ ಸಂಗತಿ ವೇದಿಕೆಯಿಂದ ಒಮ್ಮೆಯಾದರೂ ಕೇಳಿಬರಬೇಕು.

ಅವರ ದೋಷಗಳನ್ನೂ ಸಮಿತಿಯ ಮುಂದಿಡುವುದು ನನ್ನ ಕರ್ತವ್ಯ. ತುರ್ತುಪರಿಸ್ಥಿತಿಯನ್ನು ಅವರು ವಿರೋಧಿಸಲಿಲ್ಲ; ಆ ಅವಧಿಯಲ್ಲಿ ಕರ್ನಾಟಕದ ಜೈಲುಗಳಲ್ಲೂ ನಿರಪರಾಧಿಗಳಿದ್ದರು. ಅವರ ಸರ್ಕಾರದ ಮೇಲಿನ ಭ್ರಷ್ಟಾಚಾರದ ಆರೋಪಗಳ ವಿಚಾರಣೆಗೆ 1977ರಲ್ಲಿ ಕೇಂದ್ರವು ಗ್ರೋವರ್ ಆಯೋಗವನ್ನು ನೇಮಿಸಿತು. ಅವರು ನಿಷ್ಕಳಂಕರೆಂದು ನಾನು ವಾದಿಸುವುದಿಲ್ಲ. ಸುತ್ತೋಲೆಯಲ್ಲಿರುವ ಪ್ರಶ್ನೆ ಪ್ರಭಾವದ್ದು, ಮತ್ತು ಆ ಪ್ರಶ್ನೆಗೆ ನನ್ನ ಉತ್ತರ ಅರಸರೇ.

ಕುವೆಂಪು ಅವರ ಪರವಾಗಿ ಮಾತಾಡುವವರು ನನಗೆ ಅತ್ಯಂತ ಪ್ರಬಲ ಎದುರಾಳಿಗಳು ಎಂಬುದನ್ನು ಒಪ್ಪುತ್ತೇನೆ. ಹುಟ್ಟಿನಿಂದ ಯಾರೂ ಕೀಳಲ್ಲವೆಂದು ಕನ್ನಡದ ಎರಡು ಮೂರು ತಲೆಮಾರುಗಳ ಮನಸ್ಸಿಗೆ ಹೇಳಿಕೊಟ್ಟವರು ಅವರು. ಆ ಮನಸ್ಸು ಸಿದ್ಧವಿರದಿದ್ದರೆ ಅರಸರ ಕಾನೂನಿಗೆ ಇನ್ನೂ ಹೆಚ್ಚಿನ ಪ್ರತಿರೋಧ ಬರುತ್ತಿತ್ತು. ಆದರೆ ನನ್ನ ಅಜ್ಜಿ ಕುವೆಂಪು ಅವರನ್ನು ಓದಲಾರಳಾಗಿದ್ದಳು. ಅವಳ ಮನೆಯೊಳಗೆ ಮೊದಲು ಬಂದದ್ದು ಫಾರ್ಮ್ 10, ಪುಸ್ತಕ ಬಂದದ್ದು ಅದರಿಂದ ಓದುವಂತಾದ ಮೊಮ್ಮಕ್ಕಳ ಜೊತೆ.

ಆದ್ದರಿಂದ ಸಮಿತಿಯಲ್ಲಿ ನನ್ನ ವಿನಂತಿಗಳು ಇವು. ದೇವರಾಜ ಅರಸರ ಹೆಸರನ್ನು ಪಟ್ಟಿಗೆ ಸೇರಿಸಿ ಪರಿಷ್ಕೃತ ಸುತ್ತೋಲೆ ಕಳಿಸಬೇಕು. ಒಬ್ಬೊಬ್ಬರಿಗೆ ಐದು ನಿಮಿಷ ಭಾಷಣ ಮಾಡಿಸಿ ಕೂಡಲೇ ಕೈಯೆತ್ತಿಸುವ ಬದಲು, ಚರ್ಚೆಗೆ ಒಂದು ಪೂರ್ತಿ ಭಾನುವಾರ ಮೀಸಲಿಟ್ಟು, ಮತದಾನವನ್ನು ಮರುವಾರಕ್ಕೆ ಇಡಬೇಕು. ಅರಸರ ವಿಷಯ ಬಂದಾಗ ಗೇಣಿ ಮನೆಯಿಂದ ಬಂದ ಹಿರಿಯರೊಬ್ಬರಿಗೂ ಭೂಮಿ ಕಳೆದುಕೊಂಡ ಮನೆಯ ಹಿರಿಯರೊಬ್ಬರಿಗೂ ಸಮಾನ ಅವಕಾಶ ಕೊಡಬೇಕು; ಇಬ್ಬರೂ ತುಳುವಿನಲ್ಲೋ ಕೊಂಕಣಿಯಲ್ಲೋ ಮಾತಾಡಲು ಬಯಸಿದರೆ ತಡೆಯಬಾರದು. ಉತ್ತರ ಕರ್ನಾಟಕದ ಸದಸ್ಯರನ್ನೂ ಪುಣೆಯಲ್ಲಿರುವ ನಮ್ಮವರನ್ನೂ ವಿಶೇಷವಾಗಿ ಕರೆಸಬೇಕು, ಏಕೆಂದರೆ ಕರಾವಳಿಯ ನಮ್ಮ ಅನುಭವವೇ ಇಡೀ ರಾಜ್ಯದ ಅನುಭವವೆಂದು ನಾವು ತೀರ್ಮಾನಿಸಿಬಿಡಬಾರದು. ಯಾರ ಮನೆಯಲ್ಲಾದರೂ ಹಳೆಯ ಡಿಕ್ಲರೇಶನ್ ಪ್ರತಿ, ಮಂಡಳಿಯ ಆದೇಶ, ಗೇಣಿ ರಸೀದಿ ಉಳಿದಿದ್ದರೆ ಅದರ ನಕಲನ್ನು ತರಲು ಸುತ್ತೋಲೆಯಲ್ಲೇ ಕೋರಬೇಕು. ನಮ್ಮ ಮನೆಯ ಹಕ್ಕುಪತ್ರದ ನಕಲನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ. ಸರ್ವೆ ನಂಬರುಗಳನ್ನು ಮುಚ್ಚಿ ಅದನ್ನು ಸೂಚನಾ ಫಲಕದಲ್ಲಿ ಹಾಕಲು ನನ್ನ ಒಪ್ಪಿಗೆಯಿದೆ.

ಮುಂದಿನ ಕಾರ್ಯಕಾರಿ ಸಭೆಯಲ್ಲಿ ಈ ಪತ್ರವನ್ನು ಓದಿ, ತೀರ್ಮಾನವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಸಂಘದ ಒಬ್ಬ ಆಜೀವ ಸದಸ್ಯ,
ಮುಂಬಯಿ